ಎಡಕ್ಕೆ ತಿರುಚಿದ ತಂತಿ

ಎಡಗೈ ಮೇಸ್ತ್ರಿಗೆ ತಮ್ಮ ಕೆಲಸದ ಬಗ್ಗೆ ಇದ್ದ ಜಂಬ ಸಣ್ಣದೇನಲ್ಲ. ಮೂವತ್ತು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡುತ್ತ ಬಂದವರು; ಸ್ಕ್ರೂ ಬಿಗಿಯುವಾಗ ಹಾಡು ಗುನುಗುವವರು, ಅದೂ ಶ್ರುತಿ ಬಿಟ್ಟು. ಯಾರಾದರೂ ಶಾಕ್ ಹೊಡೆಯುತ್ತಿದೆ ಎಂದರೆ ಸಾಕು, "ಯಾವನು ಮಾಡಿದ ಕೆಲ್ಸ ಇದು?" ಎಂದು ಬೈಯುತ್ತಲೇ ಚೀಲ ಹೆಗಲಿಗೇರಿಸುತ್ತಿದ್ದರು. ಬೈಯದಿದ್ದರೆ ಅವರಿಗೆ ಕೈ ಓಡುತ್ತಿರಲಿಲ್ಲ.

ಈ ಸಲ ಬೈಯುವ ಹಾಗಿರಲಿಲ್ಲ. ಶಾಕ್ ಹೊಡೆದದ್ದು ಅತ್ತೆಯ ಮನೆಯಲ್ಲಿ. ಅಳಿಯನಾಗುವ ಮುಂಚೆ ಆ ಮನೆಗೆ ವೈರಿಂಗ್ ಮಾಡಿದ್ದು ಸ್ವತಃ ಇವರೇ. ಒದ್ದೆ ಕೈಯಲ್ಲಿ ವಾಷಿಂಗ್ ಮಷೀನ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅತ್ತೆ ಎರಡು ಸಲ ಹೇಳಿ ಕಳಿಸಿದ್ದರು.

ಮೇಸ್ತ್ರಿ ಟೆಸ್ಟ್ ಲ್ಯಾಂಪಿನ ಒಂದು ತಂತಿಯನ್ನು ಸಾಕೆಟ್ಟಿನಲ್ಲಿ ಕರೆಂಟು ಬರುವ ಫೇಸಿಗೆ, ಇನ್ನೊಂದನ್ನು ಅರ್ಥಿಂಗ್ ತೂತಿಗೆ ಹಿಡಿದರು. ಬಲ್ಬು ಝಗ್ಗನೆ ಉರಿಯಿತು.

"ನೋಡಿ ಅತ್ತೆ, ಅರ್ಥಿಂಗ್ ಗಟ್ಟಿಯಾಗಿದೆ. ನಿಮ್ಮ ಮಷೀನೇ ಸರಿಯಿಲ್ಲ."

"ನೀವು ನೋಡಿದ್ಮೇಲೆ ಇನ್ನೇನು ಭಯ," ಎನ್ನುತ್ತ ಅತ್ತೆ ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಒದ್ದೆ ಕೈ ಚಾಚಿಯೇಬಿಟ್ಟರು.

ಆ ಒದ್ದೆ ಕೈ ಕಂಡದ್ದೇ ಮೇಸ್ತ್ರಿಗೆ ಬಲ್ಬಿನ ಮೇಲಿದ್ದ ನಂಬಿಕೆ ಹಾರಿಹೋಯಿತು. "ತಡೀರಿ! ಮುಟ್ಬೇಡಿ!"

ಅತ್ತೆಯ ಎದುರು ಅವರು ಎಂದೂ ಅಷ್ಟು ಜೋರಾಗಿ ಕೂಗಿದವರಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಸಾಕೆಟ್ ಬಿಚ್ಚಿದರು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಅಲ್ಲಿರಲೇ ಇಲ್ಲ! ಬೆರಳುದ್ದದ ತುಂಡೊಂದನ್ನು ಕರೆಂಟು ವಾಪಸ್ ಹೋಗುವ ನ್ಯೂಟ್ರಲಿನಿಂದ ಅರ್ಥಿಂಗ್ ಪಿನ್ನಿಗೆ ಸಿಕ್ಕಿಸಲಾಗಿತ್ತು. ಬಲ್ಬನ್ನು ಏಮಾರಿಸಲು ಅಷ್ಟು ಸಾಕು. ಆದರೆ ನ್ಯೂಟ್ರಲ್ ಸಡಿಲವಾದರೆ ಕರೆಂಟು ಮಷೀನಿನ ಮೈಗೇ ಬರುತ್ತದೆ, ಇಲ್ಲಿ ಅದು ಸಡಿಲವಾಗತೊಡಗಿತ್ತು.

"ಯಾವನು ಮಾಡಿದ..." ಎಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ತುಂಡಿನ ತುದಿಯನ್ನು ಎಡಕ್ಕೆ ತಿರುಚಲಾಗಿತ್ತು. ಊರಲ್ಲಿ ಹಾಗೆ ತಿರುಚುವ ಎಡಗೈ ಒಂದೇ, ಅವರದು. ಆವತ್ತು ಅರ್ಥಿಂಗಿನ ಹಸಿರು ತಂತಿ ಮುಗಿದಿತ್ತು, ನಾಳೆ ಹಾಕಿದರಾಯಿತು ಎಂದುಕೊಂಡಿದ್ದರು, ಬಲ್ಬು ಉರಿದಿತ್ತು. ಆ ನಾಳೆ ಬರಲೇ ಇಲ್ಲ.

ಬಾಯಿ ಮುಚ್ಚಿಕೊಂಡು ಸರಿಮಾಡಿ ಹೋಗಬಹುದಿತ್ತು. ಅತ್ತೆಗೆ ನ್ಯೂಟ್ರಲ್ಲೂ ಒಂದೇ, ನೂಲೂ ಒಂದೇ. ಆದರೆ ಈ ಮನೆಗೆ ವೈರಿಂಗ್ ಮಾಡಿದ ವಾರವೇ, ಹಸಿರು ತಂತಿ ಇಲ್ಲದೆಯೇ, ಈ ಸಾಲಿನ ಇನ್ನೂ ಆರು ಮನೆಗಳ ಕೆಲಸ ಮುಗಿಸಿದ್ದರಲ್ಲ! ಮೇಸ್ತ್ರಿ ಆ ತುಂಡನ್ನು ಕಿತ್ತು ಅತ್ತೆಯ ಮುಂದೆ ಹಿಡಿದರು.

"ಅತ್ತೆ, ಇದು ನಂದೇ ತಪ್ಪು. ಪಕ್ಕದ ಮನೆಗಳಲ್ಲೂ ಹೀಗೇ ಮಾಡಿರ್ಬೇಕು."

ಅತ್ತೆ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ನಕ್ಕರು ನೋಡಿ, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಷ್ಟು ವರ್ಷ ನಿಮ್ಮ ಜಂಬ ಕೇಳಿ ಕೇಳಿ ಕಿವಿ ತೂತಾಗಿತ್ತು ಅಳಿಯಂದ್ರೇ! ಇವತ್ತು ಹೊಟ್ಟೆ ತಣ್ಣಗಾಯ್ತು."

ಮಧ್ಯಾಹ್ನದೊಳಗೆ ಮೇಸ್ತ್ರಿ ನ್ಯೂಟ್ರಲ್ ಬಿಗಿದು, ಅಂಗಳದಲ್ಲಿ ಹೂತ ಅರ್ಥಿಂಗ್ ಕೊಳವೆಯವರೆಗೂ ಹೊಸ ತಂತಿ ಎಳೆದರು. ಮೊದಲು ತಾವೇ ಮಷೀನ್ ಮುಟ್ಟಿ ನೋಡಿದರು. ಆಮೇಲೆ ಅತ್ತೆ ಎರಡೂ ಒದ್ದೆ ಅಂಗೈ ಊರಿ, "ಜುಮ್ಮೂ ಇಲ್ಲ, ಗಿಮ್ಮೂ ಇಲ್ಲ!" ಎಂದು ಕುಣಿದಾಡಿದರು. ಮೇಸ್ತ್ರಿ ತಲೆ ತಗ್ಗಿಸಿ ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ಮುಂದೆ ಹೊರಟಾಗಿತ್ತು.

ಪಕ್ಕದ ಮನೆಯ ಬಾಗಿಲು ಬಡಿದು, ಅಳಿಯನಿಗೆ ಬಹುಮಾನ ಬಂದಷ್ಟು ಹೆಮ್ಮೆಯಿಂದ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಬಾಗಿಲು ತೆಗೀರಮ್ಮಾ! ನಮ್ಮ ಅಳಿಯ ನಿಮ್ಮನೇಲೂ ತಪ್ಪು ಮಾಡಿದಾರಂತೆ, ಅದನ್ನ ಹೇಳೋಕೆ ತಾವಾಗೇ ಬಂದಿದಾರೆ!"