ಒಂದು ಪುಟದ ತಿದ್ದುಪಡಿ

ಮೇಡಂ ಅವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಒಂದೇ ಕಣ್ಣಿನಿಂದ ನೋಡುವ ಹಳೆಯ ಸೂಕ್ಷ್ಮದರ್ಶಕದ ಮುಂದೆ ವರ್ಷಗಟ್ಟಲೆ ಕೂತು, ಎಡಗಣ್ಣು ಮುಚ್ಚಿ ಮುಚ್ಚಿ ಹಾಗಾಗಿತ್ತಂತೆ. ನಮ್ಮ ಕರಡುಗಳನ್ನೂ ಹಾಗೆಯೇ ಕಣ್ಣು ಕಿರಿದು ಮಾಡಿ ಓದುತ್ತಿದ್ದರು.

ವಿಜಯಪುರದ ಕಡೆಯವರು. ಪುಣೆಯಲ್ಲಿ ಕೀಟಶಾಸ್ತ್ರ ಕಲಿಸಿ ನಿವೃತ್ತರಾಗಿ ಸದಾಶಿವ ಪೇಠದ ಎರಡು ಕೋಣೆಯ ಮನೆಯಲ್ಲಿದ್ದರು. ಶನಿವಾರ ಮಧ್ಯಾಹ್ನ ನಾಲ್ಕೈದು ಎಂ.ಎಸ್ಸಿ. ವಿದ್ಯಾರ್ಥಿಗಳು ಸಂಶೋಧನಾ ಲೇಖನ ಬರೆಯುವುದನ್ನು ಕಲಿಯಲು ಅಲ್ಲಿಗೆ ಹೋಗುತ್ತಿದ್ದೆವು. ಉಳಿದವರಿಗೆ ಮರಾಠಿಯಲ್ಲಿ ಬೈಗುಳ, ಮಂಡ್ಯದಿಂದ ಬಂದ ನನಗೆ ಕನ್ನಡದಲ್ಲಿ.

ಸೀತಾಫಲಕ್ಕೆ ಹತ್ತುವ, ಬಿಳಿ ಹಿಟ್ಟು ಮೆತ್ತಿದಂತಿರುವ ಹಿಟ್ಟು ತಿಗಣೆ ಎಂಬ ಕೀಟವನ್ನು ಒಳಗಿನಿಂದ ತಿಂದು ಸಾಯಿಸುವ ಒಂದು ಪುಟ್ಟ ಕಣಜ ನನ್ನ ವಿಷಯ. ‘ಬಹಳಷ್ಟು ಕಣಜಗಳು ಹೊರಬಂದವು’ ಎಂದು ಬರೆದಿದ್ದೆ.

“ಬಹಳಷ್ಟು ಅಂದ್ರ ಎಷ್ಟು ತಂಗಿ? ಎಣಿಸೀಯೇನು?”

“ಎಣಿಸಿದೀನಿ ಮೇಡಂ.”

“ಮತ್ತ ಅದನ್ನ ಬರಿ. ಕಂಡಷ್ಟು ಬರಿ, ಅಂದ್ಕೊಂಡದ್ದು ಬರಿಬ್ಯಾಡ.”

ಆರು ಸಲ ಕರಡು ಹಿಂದಕ್ಕೆ ಬಂತು. ಆರು ಸಲವೂ ಕಣಜದ ವಿವರಣೆಯ ಪಕ್ಕದಲ್ಲಿ ಪೆನ್ಸಿಲಿನಿಂದ ‘ಮತ್ತೊಮ್ಮೆ ನೋಡು’ ಎಂಬ ಎರಡೇ ಪದ. ಏನನ್ನು ನೋಡಬೇಕೆಂದು ಮಾತ್ರ ಹೇಳುತ್ತಿರಲಿಲ್ಲ. ಪಿಎಚ್.ಡಿ. ಅರ್ಜಿಗೆ ಒಂದು ಪ್ರಕಟಿತ ಲೇಖನ ಬೇಕಿತ್ತು. ಕೊನೆಗೆ ತಾಳ್ಮೆ ಕೆಟ್ಟಿತು.

“ನನ್ನ ಜೊತೆಯವರೆಲ್ಲ ಪಬ್ಲಿಶ್ ಮಾಡಿ ಆಯ್ತು ಮೇಡಂ. ನಂದು ಮಾತ್ರ ಇನ್ನೂ ನಿಮ್ಮ ಪೆನ್ಸಿಲ್ ಕೆಳಗೇ ಇದೆ.”

“ಇರ್ಲಿ ಬಿಡು. ಹುಳಾ ಸತ್ತು ಸೀಸೆದಾಗ ಕುಂತಾವ. ಎಲ್ಲಿ ಓಡಿ ಹೋಗ್ತಾವ?”

ಉಳಿದವರು ನಕ್ಕರು. ನನಗೆ ಅಳು ಬಂತು. ಅದೇ ವಾರ, ಎಂಟು ದಿನದಲ್ಲಿ ಪ್ರಕಟಿಸುತ್ತೇವೆ ಎಂದು ಜಾಹೀರಾತು ಹಾಕುತ್ತಿದ್ದ ಒಂದು ಅಂತರ್ಜಾಲ ಪತ್ರಿಕೆಗೆ ಅವರಿಗೆ ಹೇಳದೆ ಕಳಿಸಿದೆ. ಪ್ರಕಟವಾಯಿತು. ಈ ಕಣಜವನ್ನು ಸಾಕಿ ತೋಟಕ್ಕೆ ಬಿಡಬಹುದು ಎಂಬ ಸಲಹೆಯೂ ಅದರಲ್ಲಿತ್ತು.

ಯಾರೋ ಅದನ್ನು ಮೇಡಂಗೆ ತೋರಿಸಿದರಂತೆ. ಮುಂದಿನ ಶನಿವಾರ ಮೇಡಂ ಬೈಯಲಿಲ್ಲ. ನನ್ನದೇ ಸೀಸೆಯಿಂದ ಎರಡು ಕಣಜ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, “ನೋಡು” ಎಂದರು. ನೋಡಿದೆ. ಎರಡರ ತಲೆಯ ಮೇಲಿನ ಕುಡಿಮೀಸೆಗಳು ಬೇರೆ ಬೇರೆ. ನಾನು ಒಂದೇ ಎಂದು ಎಣಿಸಿದ್ದರಲ್ಲಿ ಎರಡು ಜಾತಿಗಳಿದ್ದವು.

“ಈ ಎರಡನೇದು ತಿಗಣಿ ತಿನ್ನೂದಲ್ಲ ತಂಗಿ. ತಿಗಣಿ ತಿನ್ನೋ ಕಣಜಾನ್ನ ತಿನ್ನೂದು. ನೀ ಬರದದ್ದು ನಂಬಿ ಯಾರಾರ ಇದನ್ನ ಸಾಕಿ ತೋಟಕ್ಕ ಬಿಟ್ರ?”

“ಮೊದಲೇ ಬಾಯ್ಬಿಟ್ಟು ಹೇಳಬಾರದಿತ್ತಾ ಮೇಡಂ?”

“ನಾ ಹೇಳಿದ್ರ ನನ್ನ ಕಣ್ಣಿಲೆ ನೋಡ್ತಿದ್ದಿ.”

ಆ ಉತ್ತರ ಆ ದಿನ ನನ್ನನ್ನು ಸಮಾಧಾನಪಡಿಸಲಿಲ್ಲ. ಇವತ್ತಿಗೂ ಪೂರ್ತಿ ಸಮಾಧಾನಪಡಿಸಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಲೇಖನ ತೆಗೆದುಹಾಕಿ ಎಂದು ಆ ಪತ್ರಿಕೆಗೆ ಪತ್ರದ ಮೇಲೆ ಪತ್ರ ಬರೆದೆ. ಶುಲ್ಕ ಕಟ್ಟುವಾಗ ಗಂಟೆಯೊಳಗೆ ಉತ್ತರಿಸಿದ್ದವರು ಈಗ ಸುಮ್ಮನಾದರು.

ಆಗ ಮೇಡಂ ನನ್ನನ್ನು ಕೂರಿಸಿಕೊಂಡು, ಬೇರೊಂದು ಒಳ್ಳೆಯ ಪತ್ರಿಕೆಗೆ ತಿದ್ದುಪಡಿ ಬರೆಸಿದರು. ಒಂದೇ ಪುಟ. ಎಲ್ಲ ಕಣಜಗಳನ್ನು ಮತ್ತೆ ಬೇರ್ಪಡಿಸಿ, ಎಣಿಸಿ, ಬರೆದು, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದು ಮುಗಿಸುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಪಿಎಚ್.ಡಿ. ಅರ್ಜಿಯ ಗಡುವು ದಾಟಿಹೋಯಿತು. ಅವರ ಹೆಸರನ್ನೂ ಸೇರಿಸುತ್ತೇನೆ ಎಂದಾಗ ಪೆನ್ಸಿಲ್ ಕೆಳಗಿಟ್ಟರು.

“ಎಣಿಸಿದಾಕಿ ನೀ, ತಪ್ಪಿದಾಕಿ ನೀ, ತಿದ್ದಿದಾಕೀನೂ ನೀ. ನನ್ನ ಹೆಸರು ಯಾಕ?”

ಅದು ಅಚ್ಚಾಗುವ ಮೊದಲೇ ಮೇಡಂ ಪಾರ್ಶ್ವವಾಯುವಿನಿಂದ ತೀರಿಕೊಂಡರು. ತಿದ್ದುಪಡಿಯನ್ನು ಓದಿದವರು ಕಡಿಮೆ. ತಪ್ಪು ಲೇಖನ ಮಾತ್ರ ಈಗಲೂ ಅಂತರ್ಜಾಲದಲ್ಲಿ ಹಾಗೇ ಇದೆ, ಹುಡುಕಿದರೆ ಮೊದಲು ಸಿಗುವುದೂ ಅದೇ. ಅದನ್ನು ಉಲ್ಲೇಖಿಸಿದವರು ಕಂಡಾಗಲೆಲ್ಲ ನಾನೇ ಪತ್ರ ಬರೆಯುತ್ತೇನೆ. ಹೆಚ್ಚಿನವರು ಉತ್ತರಿಸುವುದಿಲ್ಲ.

ಕಳೆದ ತಿಂಗಳು ರಾಯಚೂರು ಕಡೆಯ ಒಬ್ಬ ವಿದ್ಯಾರ್ಥಿ ಅದನ್ನು ನಂಬಿ ಕಣಜ ಸಾಕಲು ಶುರುಮಾಡಿದ್ದು ತಿಳಿಯಿತು. ಫೋನ್ ಮಾಡಿ, ಆ ಲೇಖನ ತಪ್ಪು, ಕಣಜಗಳನ್ನು ತೋಟಕ್ಕೆ ಬಿಡಬೇಡ ಎಂದೆ.

“ಪೇಪರಿನ್ಯಾಗ ನಿಮ್ಮದ ಹೆಸರು ಅದ ಅಲ್ರಿ ಮೇಡಂ?” ಎಂದ.

“ಹೌದಪ್ಪ, ನಂದೇ,” ಎಂದೆ. “ತಪ್ಪು ಮಾಡಿದವಳೇ ಹೇಳ್ತಿದೀನಿ, ಕೇಳು.”