ಮಾತು ಬಂದ ಮೂಕಿಚಿತ್ರ

ನಾನು ಮದುವೆಯಾಗಿ ಈ ಮನೆಗೆ ಬರುವಾಗ ನನ್ನ ತಾಯಿ ಗುಟ್ಟಾಗಿ ಹೇಳಿ ಕಳಿಸಿದ್ದು ಒಂದೇ ಮಾತು: ‘ಅತ್ತೆಯನ್ನ ಹೇಗಾದ್ರೂ ಸಂಭಾಳಿಸಬಹುದು, ನಾದಿನಿಗೆ ಮಾತ್ರ ಬಾಯಿ ಕೊಡಬೇಡ.’ ಆದರೆ ಬಾಯಿ ಕೊಡದೆ ನನ್ನ ನಾದಿನಿಯ ಜೊತೆ ಒಂದು ಹೊತ್ತೂ ಬಾಳುವ ಹಾಗಿರಲಿಲ್ಲ. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು.

ಚಿಕ್ಕವಳಿದ್ದಾಗ ಬಂದ ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅಷ್ಟರಲ್ಲಿ ಮಾತು ಕಲಿತಾಗಿದ್ದರಿಂದ ಅದೊಂದು ಉಳಿಯಿತು. ದನಿಗೆ ಏರಿಳಿತವಿರಲಿಲ್ಲ, ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಎಂಬ ಅಂದಾಜೂ ಇರಲಿಲ್ಲ. ಗುಟ್ಟು ಹೇಳಹೊರಟರೆ ಬೀದಿಗೆಲ್ಲ ಡಂಗುರ. ಜಗಳದಲ್ಲಿ ಮಾತ್ರ ಯಾವಾಗಲೂ ಅವಳದೇ ಗೆಲುವು. ನಾನು ವಾದದ ತುತ್ತತುದಿಗೆ ಬಂದಾಗ ತಣ್ಣಗೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಆಮೇಲೆ ನಾನು ಹೇಳಿದ್ದೆಲ್ಲ ಗೋಡೆಗೆ ಹೇಳಿದಂತೆ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಗೆ ಕೆಲಸ. ಗಾಜಿನ ಅಂಚನ್ನು ಚೌಕಟ್ಟಿಗೆ ಕೂರುವಂತೆ ಒದ್ದೆ ಕಲ್ಲಿಗೆ ಹಿಡಿದು ಉಜ್ಜಬೇಕು. ಆ ಕಲ್ಲಿನ ಕಿರ್ರೆನ್ನುವ ಸದ್ದಿಗೆ ಹೆದರಿ ಮಾಲೀಕ ಒಳಗೆ ಕಾಲಿಡುತ್ತಿರಲಿಲ್ಲ. ‘ನನ್ನಷ್ಟು ಸುಖವಾಗಿ ಯಾರೂ ಈ ಕೆಲಸ ಮಾಡಿಲ್ಲ’ ಎಂದು ಅವಳು ನಗುತ್ತಿದ್ದಳು. ಸಂಜೆ ಮನೆಗೆ ಬಂದಾಗ ಬೆರಳ ಸಂದಿಯಲ್ಲಿ ಬಿಳಿ ಕೆಸರು ಒಣಗಿರುತ್ತಿತ್ತು.

ಟೀವಿಯೆಂದರೆ ಅವಳಿಗಾಗದು. ನಟರು ಬೆನ್ನು ತಿರುಗಿಸಿ ಮಾತಾಡುತ್ತಾರೆ, ಕತ್ತಲಲ್ಲಿ ಮಾತಾಡುತ್ತಾರೆ. ‘ಏನಂತೆ?’ ಎಂದು ಅಣ್ಣನ ತೋಳು ಹಿಡಿದು ಅಲುಗಿಸಿದರೆ, ನಾಯಕ ಕಣ್ಣೀರಿಡುತ್ತಾ ಹೇಳಿದ ಉದ್ದದ ಭಾಷಣವನ್ನೆಲ್ಲ ನನ್ನ ಗಂಡ ‘ಬೇಡ ಅಂದ’ ಎಂದು ಮುಗಿಸುತ್ತಿದ್ದರು.

ಗ್ರಂಥಾಲಯದ ಸಭಾಂಗಣದಲ್ಲಿ ಭಾನುವಾರಗಳಂದು ಹಳೆಯ ಮೂಕಿಚಿತ್ರ ಹಾಕುತ್ತಾರೆಂದು ಅವಳಿಗೆ ಗೊತ್ತಾದದ್ದು ಅಂಗಡಿಗೆ ಬಂದ ಒಬ್ಬ ಗಿರಾಕಿಯಿಂದ. ಮೊದಲ ಸಲ ನನ್ನನ್ನೂ ಎಳೆದುಕೊಂಡು ಹೋದಳು. ದೀಪಸ್ತಂಭ ಕಾಯುವವನ ಮಗಳೊಬ್ಬಳ ಕಥೆ. ತೆರೆಯ ಮೇಲೆ ಆ ಹುಡುಗಿ ಬಾಯಿ ಆಡಿಸಿದಳು, ಚಿತ್ರ ನಿಂತಿತು, ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ಮೂಡಿತು. ಇಡೀ ಸಭಾಂಗಣ ಓದಿತು, ನಾದಿನಿಯೂ ಓದಿದಳು. ಎಲ್ಲರೂ ಒಟ್ಟಿಗೆ ನಕ್ಕರು, ಅವಳೂ ಆಗಲೇ ನಕ್ಕಳು. ನಾನು ಸಿನಿಮಾ ಬಿಟ್ಟು ಅವಳ ಮುಖವನ್ನೇ ನೋಡುತ್ತಾ ಕುಳಿತೆ. ಹಿಂದಿರುಗುವಾಗ ದಾರಿಯಲ್ಲೆಲ್ಲ ಕೇಳಿಸುವಂತೆ ಹೇಳಿದಳು: ‘ಯಾರನ್ನೂ ಏನಂತೆ ಅಂತ ಕೇಳಲಿಲ್ಲ, ನೋಡಿದ್ಯಾ ಅತ್ತಿಗೆ?’

ಅವಳಿಗೆ ಇನ್ನೊಂದು ಲಾಭವೂ ಇತ್ತು. ಒಂದು ಸಲ ಅಕ್ಷರದಲ್ಲಿ ‘ನಿಮ್ಮ ಅಗಲಿಕೆ ಸಹಿಸಲಾರೆ’ ಎಂದು ಬಂದರೂ ನಾಯಕಿಯ ತುಟಿ ನಿಜವಾಗಿ ಹೇಳಿದ್ದು ‘ಕಾಲು ತುಳೀತಿದ್ದೀಯ, ಕತ್ತೆ’ ಎಂದಂತೆ. ಒಬ್ಬಳೇ ಗೊಳ್ಳೆಂದು ನಕ್ಕಳು. ಆ ನಗುವಿಗೆ ತಿರುಗಿ ನೋಡಿದವರೇ ಕಂಠಯ್ಯ.

ಕಂಠಯ್ಯ ಅಂದರೆ ಅಡ್ಡಹೆಸರು. ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಘೋಷಿಸುತ್ತಿದ್ದು ನಿವೃತ್ತರಾದವರು. ಊರಿಗೆಲ್ಲ ಆ ದನಿ ಪರಿಚಿತ, ಮುಖ ಅಪರಿಚಿತ. ನನ್ನ ನಾದಿನಿಗೆ ಮಾತ್ರ ಅವರು ಬರೀ ಮುಖ. ಅದೇ ಅವರಿಗೆ ಹಿಡಿಸಿತೋ ಏನೋ, ಅವಳೆದುರು ಕೂತರೆ ಒಂದೊಂದು ಮಾತನ್ನೂ ತುಟಿಯಲ್ಲಿ ತೀಡಿ ತೀಡಿ ಆಡುತ್ತಿದ್ದರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರು ನಮ್ಮ ಮನೆಗೆ ಬಂದಾಗ ಅತ್ತೆಯವರು ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕುತ್ತಿದ್ದರು. ನಾದಿನಿಗೆ ಅದರ ಅರ್ಥ ಗೊತ್ತಿತ್ತು. ತಾಯಿಯನ್ನು ಗದರಿಸುತ್ತಿದ್ದಳು, ಆದರೆ ಅವರು ಬರುವ ದಿನ ಬೆರಳ ಸಂದಿಯ ಕೆಸರನ್ನು ಉಜ್ಜಿ ತೊಳೆಯುತ್ತಿದ್ದಳು.

ಗ್ರಂಥಾಲಯದ ರೀಲುಗಳು ಸವೆದು ಹೋಗಿದ್ದವು. ಪ್ರತಿ ಸಲವೂ ಎಲ್ಲೋ ಒಂದು ಕಡೆ ಹರಿದು, ಅಂಟಿಸಿ, ಒಂದೆರಡು ದೃಶ್ಯ ಕಡಿಮೆಯಾಗುತ್ತಿತ್ತು. ಒಳ್ಳೆಯ ಪ್ರತಿಗಳೆಲ್ಲ ಹಕ್ಕು ಪಡೆದಿದ್ದ ಒಂದು ಕಂಪನಿಯ ಉಗ್ರಾಣದಲ್ಲಿ ಡಬ್ಬಿಗಳೊಳಗೆ ಕೊಳೆಯುತ್ತಿದ್ದವು. ಅವನ್ನು ಡಿವಿಡಿಯಾಗಿ ಹೊರತರಲಿ, ಮನೆಮನೆಯಲ್ಲೂ ನೋಡುವಂತಾಗಲಿ ಎಂದು ಸಿನಿಮಾ ನೋಡಲು ಬರುತ್ತಿದ್ದವರೇ ಸೇರಿ ಒಂದು ಬಳಗ ಕಟ್ಟಿದರು. ಕಂಠಯ್ಯ ಮುಖಂಡರು. ಸೈಕಲ್ ಅಂಗಡಿಯವನು ತನ್ನ ಹಿತ್ತಲ ಕೋಣೆಯನ್ನು ಸಭೆಗೆ ಬಿಟ್ಟುಕೊಟ್ಟ. ಓಡಾಟವೆಲ್ಲ ನನ್ನ ನಾದಿನಿಯದು. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಕನ್ನಡಕ ಕೊಳ್ಳಲು ಬಂದವರ ಹತ್ತಿರ ಸಹಿ ಬೇಡಿದಳು. ಅವಳ ದನಿಗೆ ಬೆಚ್ಚಿಬಿದ್ದೇ ಎಷ್ಟೋ ಜನ ಸಹಿ ಹಾಕಿರಬೇಕು.

ಕಂಪನಿಯಿಂದ ಬರುತ್ತಿದ್ದ ಉತ್ತರ ಒಂದೇ: ಮೂಕಿಚಿತ್ರಕ್ಕೆ ಗಿರಾಕಿಗಳಿಲ್ಲ.

ಆಗ ನಾದಿನಿಗೆ ಒಂದು ಉಪಾಯ ಹೊಳೆಯಿತು. ಕಂಪನಿಯ ಬಾಗಿಲಲ್ಲಿ ಬಳಗದವರೆಲ್ಲ ತುಟಿ ಪಿಟಕ್ಕೆನ್ನದೆ ನಿಲ್ಲುವುದು, ಹೇಳಬೇಕಾದ್ದನ್ನು ಸಿನಿಮಾದಲ್ಲಿ ಬರುವಂತೆಯೇ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದು ಎತ್ತಿಹಿಡಿಯುವುದು. ‘ನಾವು ಗಿರಾಕಿಗಳು’ ಎಂದು ಒಂದರಲ್ಲಿ, ‘ಎಷ್ಟು ದಿನ ಡಬ್ಬಿಯಲ್ಲಿಡ್ತೀರಿ?’ ಎಂದು ಇನ್ನೊಂದರಲ್ಲಿ. ಹಲಗೆಗಳನ್ನೆಲ್ಲ ಅವಳೇ ಬರೆದಳು. ಪತ್ರಿಕೆಯವರು ಬಂದರು, ಫೋಟೋ ಅಚ್ಚಾಯಿತು, ಎಲ್ಲೆಲ್ಲಿಂದಲೋ ಬೆಂಬಲ ಬಂತು. ಕೊನೆಗೆ ಕಂಪನಿಯವರು ಮಾತುಕತೆಗೆ ಕರೆದರು.

ಹೋದವರು ಕಂಠಯ್ಯ ಒಬ್ಬರೇ. ಮಾತಿನ ಕೆಲಸ ಮಾತುಗಾರನಿಗೇ ಇರಲಿ ಎಂದು ನಾದಿನಿಯೇ ಹೇಳಿದ್ದಳು. ಅಲ್ಲಿಂದ ಅವರು ನೇರ ನಮ್ಮ ಮನೆಗೆ ಬಂದರು. ಹೊಸ್ತಿಲಲ್ಲೇ ನಿಂತು ತುಟಿ ಅಗಲಿಸಿ ‘ಒಪ್ಪಿದ್ರು’ ಎಂದರು. ಅವಳು ಕೂಗಿದ ಕೂಗಿಗೆ ಎದುರುಮನೆಯವರು ಏನಾಯಿತೋ ಎಂದು ಓಡಿ ಬಂದರು.

ಅದಾದ ಮೇಲೆ ಕಂಠಯ್ಯ ಬರುವುದು ಕಡಿಮೆಯಾಯಿತು. ಕೇಳಿದರೆ ಗಂಟಲು ಸರಿಯಿಲ್ಲವಂತೆ. ಸೆಕೆಯಲ್ಲೂ ಮಫ್ಲರ್ ಸುತ್ತಿರುತ್ತಿದ್ದರು, ತಣ್ಣೀರು ಮುಟ್ಟುತ್ತಿರಲಿಲ್ಲ. ನಾದಿನಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವರ ಮನೆಬಾಗಿಲಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟು ಹೋಗುತ್ತಿದ್ದಳು, ಸಂಜೆ ಖಾಲಿ ಫ್ಲಾಸ್ಕ್ ತರುತ್ತಿದ್ದಳು. ‘ಇಷ್ಟು ವರ್ಷ ದುಡಿದ ಗಂಟಲು, ಪಾಪ’ ಎನ್ನುತ್ತಿದ್ದಳು.

ಬಿಡುಗಡೆಯ ದಿನ ಅದೇ ಗ್ರಂಥಾಲಯದ ಸಭಾಂಗಣ ಕಿಕ್ಕಿರಿದಿತ್ತು. ನಮಗೆ ಮುಂದಿನ ಸಾಲು. ಕಂಪನಿಯವರ ಭಾಷಣ, ಹಾರ, ಚಪ್ಪಾಳೆ ಎಲ್ಲ ಮುಗಿದು ದೀಪ ಆರಿತು. ದೀಪಸ್ತಂಭದ ಚಿತ್ರವೇ. ಚೊಕ್ಕವಾಗಿ ತೊಳೆದಿಟ್ಟ ಹಾಗಿತ್ತು, ಹುಡುಗಿಯ ರೆಪ್ಪೆಗಳನ್ನೂ ಎಣಿಸಬಹುದಿತ್ತು. ನಾದಿನಿ ನನ್ನ ಕೈ ಹಿಚುಕಿದಳು.

ಹುಡುಗಿ ಬಾಯಿ ಆಡಿಸಿದಳು. ಕಪ್ಪು ಹಲಗೆ ಬರಲಿಲ್ಲ. ಚಿತ್ರ ನಿಲ್ಲದೆ ಮುಂದೆ ಓಡಿತು. ಸಭಾಂಗಣದಲ್ಲಿ ದೊಡ್ಡ ನಗು ಎದ್ದಿತು.

ನಾದಿನಿ ಹಿಂದಕ್ಕೆ ತಿರುಗಿ ನೋಡಿದಳು. ಮತ್ತೆ ತೆರೆ ನೋಡಿದಳು. ಮತ್ತೆ ನಗು. ಅವಳು ನನ್ನ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ ಕೇಳಿದಳು, ಎಲ್ಲರಿಗೂ ಕೇಳಿಸಿತು: ‘ಅಕ್ಷರ ಎಲ್ಲಿ?’

‘ಇಲ್ಲ’ ಎಂದೆ. ‘ಮಾತಾಡಿ ಹೇಳ್ತಿದ್ದಾರೆ. ಕಥೆ ಹೇಳೋ ದನಿ ಹಾಕಿದ್ದಾರೆ.’

‘ಯಾರ ದನಿ?’

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಹೇಳಿದೆ: ‘ಕಂಠಯ್ಯನವರದು.’

ಅವಳು ಎದ್ದು ಹೋಗಲಿಲ್ಲ. ಮುಗಿಯುವವರೆಗೂ ತೆರೆಯನ್ನೇ ನೋಡುತ್ತಾ ಕುಳಿತಿದ್ದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿಜ ಹೇಳಬೇಕೆಂದರೆ ಕಂಠಯ್ಯ ಚೆನ್ನಾಗಿಯೇ ಕಥೆ ಹೇಳಿದ್ದರು. ಅದನ್ನು ಅವಳಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಹೊರಗಿನ ಹಜಾರದಲ್ಲಿ ಹಾರ ಹಾಕಿಕೊಂಡೇ ಅವರು ನಮ್ಮ ಹತ್ತಿರ ಬಂದರು.

‘ಓದೋ ತಾಳ್ಮೆ ಯಾರಿಗೂ ಇಲ್ಲ ಅಂದ್ರು’ ಎಂದು ಶುರುಮಾಡಿದರು. ‘ದನಿ ಇದ್ರೆ ಮಾತ್ರ ತರ್ತೀವಿ ಅಂದ್ರು. ಇಲ್ಲದಿದ್ರೆ ಡಬ್ಬಿಯಲ್ಲೇ ಕೊಳೀತಿತ್ತು.’

‘ದನಿ ಇರ್ಲಿ. ಅಕ್ಷರ ಯಾಕೆ ತೆಗೆದ್ರಿ?’

‘ದನಿ ಇದ್ದ ಮೇಲೆ ಅದು ಅಡ್ಡ ಬರುತ್ತೆ ಅಂತ...’

‘ಇರ್ಲಿ ಬಿಡಿ ಅಂತ ನೀವು ಕೇಳಿದ್ರಾ?’

ಅವರು ಕಂಬದ ಕಡೆ ನೋಡಿದರು. ಜನ ಸುತ್ತ ನಿಂತಿದ್ದರು. ನಾದಿನಿಯ ದನಿ ಛಾವಣಿಗೆ ಬಡಿದು ವಾಪಸು ಬರುತ್ತಿತ್ತು.

‘ನನಗೆ ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀನು ಬೇಡ ಅಂತಿದ್ದೆ.’ ಮತ್ತೆ ತುಟಿ ತೀಡಿದರು: ‘ಜೀವಮಾನವೆಲ್ಲ ಗಾಡಿ ಬರುತ್ತೆ, ಗಾಡಿ ತಡ ಅಂತ ಹೇಳಿದ ಬಾಯಿ ಇದು. ಒಂದೇ ಒಂದು ಸಲ ಕಥೆ ಹೇಳೋಕೆ ಸಿಕ್ತು. ಬಿಡೋಕೆ ಮನಸ್ಸು ಬರಲಿಲ್ಲ.’

‘ನಾನಿಟ್ಟ ಬಿಸಿನೀರು ಕುಡ್ಕೊಂಡು ಮಾಡಿದ್ರಿ’ ಎಂದಳು. ನನ್ನ ತೋಳು ಹಿಡಿದು ನಡೆದಳು.

ಮಾರನೆಯ ವಾರವೇ ಅಕ್ಷರವಿರುವ ಪ್ರತಿ ಬೇಕೆಂದು ಹೊಸದಾಗಿ ಸಹಿ ಕೇಳಲು ಹೊರಟಳು. ಬಳಗದವರೇ ಮುಖ ತಿರುಗಿಸಿದರು. ಸೈಕಲ್ ಅಂಗಡಿಯವನಂತೂ ಎದುರಿಗೇ ಹೇಳಿದ: ‘ಅಲ್ಲ ಅಕ್ಕಾ, ಇಷ್ಟು ಕಷ್ಟಪಟ್ಟು ಬಂದದ್ದಕ್ಕೆ ಕಲ್ಲು ಹಾಕ್ಬೇಡ. ಕೂತು ಉಣ್ಣೋ ಹೊತ್ತಲ್ಲಿ ಅನ್ನದಲ್ಲಿ ಕಲ್ಲು ಹುಡುಕಿದ ಹಾಗಾಯ್ತು.’ ಅವಳು ‘ಉಣ್ತಾ ಇರೋರು ನೀವು’ ಎಂದು ಬಂದುಬಿಟ್ಟಳು. ಕಂಪನಿಯವರು, ಚಿತ್ರ ಆಗಲೇ ಮಾರುಕಟ್ಟೆಯಲ್ಲಿದೆ, ನಿಮ್ಮ ಬಳಗದ ಮುಖಂಡರೇ ಒಪ್ಪಿದ್ದಾರೆ, ಮತ್ತೆ ಯಾಕೆ ಎಂದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಗ್ರಂಥಾಲಯದಿಂದ. ಡಿವಿಡಿ ಇರುವಾಗ ಹರಕು ರೀಲು ಯಾಕೆಂದು ಅವರು ಹಳೆಯ ಯಂತ್ರವನ್ನು ಮೂಲೆಗೆ ಸರಿಸಿ, ಭಾನುವಾರಗಳಂದು ಡಿವಿಡಿಯನ್ನೇ ಹಾಕತೊಡಗಿದರು. ಇದ್ದ ಒಂದು ಜಾಗವೂ ಹೋಯಿತು, ಅದೂ ಅವಳೇ ಬೀದಿ ಬೀದಿ ಅಲೆದು ದುಡಿದ ದುಡಿಮೆಯಿಂದ.

ನನ್ನ ಗಂಡ ತಂಗಿಗೆ ಸಮಾಧಾನವಾಗಲೆಂದು ಒಂದು ಡಿವಿಡಿ ತಂದರು. ‘ದನಿ ಬಂದ್ ಮಾಡಿ ಹಾಕ್ತೀನಿ, ಮೊದಲಿನ ಹಾಗೇ ಇರುತ್ತೆ’ ಎಂದರು. ಹಾಕಿದರು. ಎಲ್ಲ ಚಿತ್ರದ ಅಕ್ಷರವೂ ಅವಳಿಗೆ ಬಾಯಿಪಾಠ. ಹುಡುಗಿ ಬಾಯಿ ಆಡಿಸಿದಾಗ ನಾದಿನಿ ತಾನೇ ಹೇಳಿದಳು: ‘ಅಪ್ಪಾ, ದೀಪ ಹಚ್ಚುವ ಹೊತ್ತಾಯಿತು.’ ಮಾತು ಮುಗಿಯುವಷ್ಟರಲ್ಲಿ ಅಪ್ಪ ಮೆಟ್ಟಿಲು ಹತ್ತಿ ಆಗಿತ್ತು, ದೋಣಿ ಕಾಣಿಸಿ ಆಗಿತ್ತು. ಎರಡನೆಯ ಮಾತಿಗೆ ಬಾಯಿ ತೆರೆದಳು, ದೃಶ್ಯ ದಾಟಿಹೋಯಿತು. ಚಿತ್ರ ಅವಳಿಗಾಗಿ ಕಾಯುತ್ತಿರಲಿಲ್ಲ. ‘ಆರಿಸಣ್ಣ’ ಎಂದು ಅಡುಗೆಮನೆಗೆ ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಒಂದು ವರ್ಷದ ಮೇಲೆ ಕಂಠಯ್ಯ ಗೇಟಿನ ಹತ್ತಿರ ಬಂದು, ಅವಳು ಮಾತಾಡುತ್ತಾಳಾ ಎಂದು ನನ್ನನ್ನು ಕೇಳಿದರು. ಒಳಗೆ ಹೋಗಿ ಕೇಳಿದೆ. ‘ಬರ್ಲಿ. ಆ ವಿಷಯ ಬೇಡ ಅನ್ನು’ ಎಂದಳು. ಬಂದರು, ಕೂತರು. ಮಂಡಿನೋವು, ಬಾಡಿಗೆಮನೆ ಖಾಲಿಮಾಡಿದ್ದು, ಹೀಗೆ ಏನೇನೋ ಮಾತಾಡಿದರು. ಅವಳೂ ಉತ್ತರ ಕೊಟ್ಟಳು. ಅತ್ತೆಯವರು ತಾವಾಗಿಯೇ ಚಹಾಕ್ಕೆ ಎಲ್ಲರಿಗೂ ಹಾಕುವಷ್ಟೇ ಸಕ್ಕರೆ ಹಾಕಿದರು. ಅವರು ಹೋದ ಮೇಲೆ ನಾನು ‘ಏನನ್ನಿಸ್ತು?’ ಎಂದೆ.

‘ಒಳ್ಳೆ ಮನುಷ್ಯ ಕಣೆ ಅತ್ತಿಗೆ’ ಎಂದಳು. ‘ಕೆಟ್ಟವನಾಗಿದ್ರೆ ಬೈದು ಮರೀಬಹುದಿತ್ತು.’

ಕಂಪನಿಯ ಬಾಗಿಲಿಗೆ ಈಗಲೂ ಆಗಾಗ ಹೋಗುತ್ತಾಳೆ. ಕಿವುಡರ ಶಾಲೆಯಲ್ಲಿ ಹೊಲಿಗೆ ಕಲಿಸುವ ಒಬ್ಬಾಕೆ ಜೊತೆಗೆ ಬರುತ್ತಾಳೆ. ಇಬ್ಬರೇ ಹಲಗೆ ಹಿಡಿದು ನಿಲ್ಲುತ್ತಾರೆ. ಪತ್ರಿಕೆಯವರು ಮತ್ತೆ ಬರಲಿಲ್ಲ. ಕಾವಲುಗಾರ ಬಿಸಿಲಿದ್ದರೆ ಒಂದು ಬೆಂಚು ತಂದು ಹಾಕುತ್ತಾನೆ. ಅವರು ಅದರ ಮೇಲೆ ಕೂರುವುದಿಲ್ಲ.