ಸದ್ದಿನಕ್ಕ ಮಾತು ಹಿಂದಕ್ಕೆ ತೆಗೆದುಕೊಂಡ ಹೊತ್ತು

ಆ ಮಂಗಳವಾರದ ಅರ್ಧ ದಿನದ ಕೂಲಿ ಹದಿಮೂರು ಜನಕ್ಕೆ ಇನ್ನೂ ಸಿಕ್ಕಿಲ್ಲ. ಆ ಹೊತ್ತಿನಲ್ಲಿ ಅವಶೇಷ ತೆಗೆಯುವ ಕೆಲಸ ನಡೆದಿಲ್ಲ, ಆದ್ದರಿಂದ ಕೊಡುವುದಿಲ್ಲ ಎಂದು ಕಂಟ್ರಾಕ್ಟರನ ಕಚೇರಿ ಬರೆದುಕೊಟ್ಟಿದೆ. ಕೆಲಸ ನಡೆದಿತ್ತು. ಯಾವ ಕೆಲಸ ಎಂದು ಹೇಳುತ್ತೇನೆ.

ಹಳೇ ಕಟ್ಟಡ ಕೆಡವುವ ಆ ತಂಡದಲ್ಲಿ ನಲವತ್ತೇಳು ವಯಸ್ಸಿನ ಒಬ್ಬ ಹೆಂಗಸಿದ್ದಾಳೆ. ಎಡಗೈಯ ಎರಡು ಬೆರಳಿಗೆ ಉಗುರಿಲ್ಲ. ಎಲ್ಲರೂ ಅವಳನ್ನು ಸದ್ದಿನಕ್ಕ ಅನ್ನುತ್ತಾರೆ. ಗೋಡೆ ಉರುಳಿದ ಮೇಲೆ, ರಾಶಿಯ ಮೇಲೆ ಯಾರೂ ಕಾಲಿಡುವ ಮೊದಲು, ಇವಳು ಹಾರೆಯಿಂದ ಅಲ್ಲಲ್ಲಿ ಕುಟ್ಟಿ, ಕಿವಿಗೊಟ್ಟು, ಒಂದು ಮಾತು ಹೇಳಬೇಕು. ಈ ವಿದ್ಯೆ ಅತ್ತೆ ಕಲಿಸಿದ್ದು. ಮದುವೆಯಾಗಿ ಬಂದ ಮೂರನೇ ದಿನವೇ ಸೊಸೆಯ ಕೈಗೆ ಹಾರೆ ಕೊಟ್ಟು, "ಅಡುಗೆ ಆಮೇಲೆ ಕಲಿತರಾಯ್ತು. ಉಪ್ಪು ಜಾಸ್ತಿಯಾದ್ರೆ ಯಾರೂ ಸಾಯಲ್ಲ" ಅಂದಿದ್ದಳಂತೆ.

ಬಿದ್ದ ಕಟ್ಟಡಕ್ಕೆ ಹೆಸರು ಬೇಕಾದಷ್ಟಿವೆ. ಎಂಜಿನಿಯರ್ ಪಾಲಿಗೆ ನಿಂತಿರುವಾಗ ಅದು ಶಿಥಿಲ, ಬಿದ್ದ ಮೇಲೆ ಅವಶೇಷ. ಪಕ್ಕದ ಮನೆಯವರಿಗೆ ಹಾಳು, ಪಾಳು, ಧೂಳಿನ ಕಾಟ. ಲಾರಿಯವನಿಗೆ ಲೋಡು. ಮಾಲೀಕನಿಗೆ ಬೇಗ ತೊಲಗಬೇಕಾದ ಕಸ. ಇವುಗಳಲ್ಲಿ ಒಂದು ಮಾತೂ ಅದರ ಮೇಲೆ ಹತ್ತುವವರಿಗೆ ಉಪಯೋಗಕ್ಕೆ ಬರುವುದಿಲ್ಲ. ಕಾಲಿಟ್ಟರೆ ತಡೆಯುತ್ತದೋ ಇಲ್ಲವೋ ಅನ್ನುವುದನ್ನು ಅವು ಹೇಳುವುದಿಲ್ಲ. ಅದಕ್ಕೇ ತಂಡದವರು ತಮ್ಮವೇ ಮಾತು ಇಟ್ಟುಕೊಂಡಿದ್ದಾರೆ. ಒಳಗೆ ಪೊಳ್ಳಿದ್ದರೆ ರಾಶಿ ಬಸುರಿ. ಎಲ್ಲ ಅದುಮಿಕೊಂಡು ಗಟ್ಟಿಯಾಗಿದ್ದರೆ ಕೂತದ್ದು. ಬಸುರಿಯ ಮೇಲೆ ಬೆಕ್ಕನ್ನೂ ಹತ್ತಿಸುವುದಿಲ್ಲ.

ಆ ಸಲ ಕೆಡವುತ್ತಿದ್ದದ್ದು ಮೂರು ಮಹಡಿಯ ಹಳೆಯ ವಸತಿಗೃಹ. ಮೆಟ್ಟಿಲ ಕಡೆಯ ಭಾಗ ಸೋಮವಾರ ಸಂಜೆಯೇ ಉರುಳಿತ್ತು. ಅಕ್ಕಪಕ್ಕದವರು ಧೂಳು ಧೂಳು ಎಂದು ಗಲಾಟೆ ಮಾಡಿದ್ದರಿಂದ ಬೆಳಿಗ್ಗೆ ಸೂಪರ್‌ವೈಸರ್ ಟ್ಯಾಂಕರ್ ತರಿಸಿ ರಾಶಿಗೆ ನೀರು ಹೊಡೆಸಿದ್ದ. ಸದ್ದಿನಕ್ಕ ಐದು ಕಡೆ ಕುಟ್ಟಿದಳು. ಧಪ್ ಧಪ್ ಎಂದು ಮಂದವಾದ ಸದ್ದು ಬಂತು.

"ಕೂತಿದೆ, ಹತ್ರಿ" ಅಂದಳು.

ಒದ್ದೆ ಮಣ್ಣು ಸದ್ದು ನುಂಗುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೇಲಿನ ಒದ್ದೆಯನ್ನು ಕೆರೆದು, ಒಣಗಿದ್ದು ಸಿಕ್ಕ ಮೇಲೇ ಕುಟ್ಟಬೇಕು. ಇಪ್ಪತ್ತೈದು ವರ್ಷ ಹಾಗೇ ಮಾಡಿದ್ದಳು. ಅವತ್ತು ಕೆರೆಯಲಿಲ್ಲ. ಯಾಕೆ ಅಂತ ಕೇಳಿದರೆ, "ಕೈ ಕುಟ್ಟಿತು, ಬಾಯಿ ಹೇಳಿತು, ನಾನು ಅಲ್ಲಿರಲಿಲ್ಲ" ಅನ್ನುತ್ತಾಳೆ.

ಮೊದಲು ಹತ್ತಿದವಳು ಅವಳ ನಾದಿನಿ, ಗಂಡನ ತಂಗಿ. ಕಬ್ಬಿಣದ ಸರಳು ಎಳೆಯುವುದರಲ್ಲಿ ಗಂಡಸರನ್ನು ಮೀರಿಸುವವಳು. ಬಾಯಿಯೂ ಹಾಗೇ.

"ಅತ್ತಿಗೆ, ನಿನ್ನ ಮಾತು ನಂಬಿ ಹತ್ತುತಾ ಇದೀನಿ. ಸತ್ರೆ ನನ್ನ ಹೊಸ ಚಪ್ಪಲಿ ನೀನು ಮಾತ್ರ ಹಾಕ್ಕೋಬಾರದು" ಅಂದಳು.

ಎಲ್ಲರೂ ನಕ್ಕರು. ನಾಲ್ಕನೇ ಹೆಜ್ಜೆಗೆ ರಾಶಿ ಬಾಯಿ ತೆರೆಯಿತು. ಕೂಗಲಿಕ್ಕೂ ಹೊತ್ತು ಸಿಗಲಿಲ್ಲ. ಮೇಲಿದ್ದ ಕಾಂಕ್ರೀಟಿನ ಹಲಗೆ ಜಾರಿ ಬಂದು ತೂತನ್ನು ಮುಚ್ಚಿಕೊಂಡಿತು.

ಸೂಪರ್‌ವೈಸರ್ ಓಡಿ ಬಂದ. ರಾಕ್ಷಸನೇನಲ್ಲ ಅವನು, ಅವನ ತುಟಿಯೂ ಬಿಳಿಚಿಕೊಂಡಿತ್ತು. ಅಗೆಯುವ ಮಷೀನಿನವನಿಗೆ ಕೈ ಮಾಡಿ ಕರೆದ. ಸದ್ದಿನಕ್ಕ ಬೇಡ ಅನ್ನುವಂತೆ ಕೈ ಎತ್ತಿದಳು.

"ಐದು ಕಡೆ ಕುಟ್ಟಿ ಗಟ್ಟಿ ಅಂದೋರು ನೀವೇ ತಾನೆ?" ಅಂದ ಅವನು. "ಒಂದು ಕಡೆ ತೂತಿತ್ತು, ಅದೂ ಮುಚ್ಕೊಂಡ್ತು. ಇನ್ನು ಉಸಿರಿಗೆ ಜಾಗ ಎಲ್ಲಿಂದ ಬರುತ್ತೆ? ಮುಗೀತಮ್ಮ. ಅವಶೇಷ ತೆಗೆಸಿಬಿಡೋಣ, ಹೆಣನಾದ್ರೂ ಬೇಗ ಸಿಗಲಿ."

ಅವಳ ಮಾತನ್ನೇ ಅವಳ ಕುತ್ತಿಗೆಗೆ ಸುತ್ತಿದ್ದ. ಸುಮ್ಮನಿದ್ದರೆ ಅವಳು ಒದ್ದೆ ಕೆರೆಯದೆ ಕುಟ್ಟಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಷೀನು ಎಲ್ಲವನ್ನೂ ಒಂದೇ ಮಾಡಿಬಿಡುತ್ತಿತ್ತು. ಬಾಯಿ ಬಿಟ್ಟರೆ, ತಾನೇ ಈಗ ಬಸುರಿ ಎನ್ನಬೇಕಾದ ರಾಶಿಯೊಳಕ್ಕೆ ಗಂಡನೂ ಉಳಿದವರೂ ಬರಿಗೈಯಲ್ಲಿ ಇಳಿಯಬೇಕು. ಅದು ಇನ್ನೊಂದು ಸಲ ಬಾಯಿ ತೆರೆದರೆ? ನಿಂತಲ್ಲೇ ಅವಳಿಗೆ ಉಚ್ಚೆ ಹೋಯಿತು. ಬರೆಯುವುದಾದರೆ ಅದನ್ನೂ ಬರಿ ಎಂದು ಅವಳೇ ಹೇಳಿದ್ದು.

ಮಷೀನು ಗುರ್ ಎಂದು ತಿರುಗಿತು. ಸದ್ದಿನಕ್ಕ ಹೋಗಿ ಅದರ ಹಲ್ಲಿನ ಮುಂದೆ ಕುಕ್ಕರಿಸಿ ಕೂತಳು.

"ನಾನು ಹೇಳಿದ್ದು ತಪ್ಪು. ಒದ್ದೆ ಕೆರೀದೇ ಕುಟ್ಟಿದೆ. ಅದು ಬಸುರಿ, ಅಡಿಯಿಂದ ಮುಡಿವರೆಗೂ. ಒಳಗೆ ಉಸಿರಿಗೆ ಜಾಗ ಇದೆ."

"ಆಗ ಹಾಗಂದ್ರಿ, ಈಗ ಹೀಗಂತೀರಿ. ಯಾವುದನ್ನ ನಂಬೋದು?"

ಅವಳ ಗಂಡ ಮಾತು ಕಡಿಮೆಯ ಮನುಷ್ಯ. "ಈಗಿನದನ್ನ" ಅಂದ. "ಈಗ ಹೆದರಿಕೊಂಡು ಹೇಳ್ತಿದಾಳೆ. ಬೆಳಿಗ್ಗೆ ಹೆದರಿಕೆ ಇರಲಿಲ್ಲ." ಆಮೇಲೆ ತಂಡದ ಕಡೆ ತಿರುಗಿ, "ಬನ್ನಿ, ಮನೆಯೊಳಗೆ ಹೋಗೋಣ" ಅಂದ.

ಆ ಜನರಲ್ಲಿ ಇದೊಂದು ಪದ್ಧತಿ. ಒಳಗೆ ಮನುಷ್ಯರಿದ್ದಾರೆ ಅಂದರೆ ಎಷ್ಟೇ ಪುಡಿಯಾಗಿರಲಿ, ಅದನ್ನು ರಾಶಿ ಅನ್ನುವುದಿಲ್ಲ. ಮನೆ ಅನ್ನುತ್ತಾರೆ. ಮನೆಗೆ ಮಷೀನು ನುಗ್ಗಿಸುವಂತಿಲ್ಲ, ಬಾಗಿಲು ಹುಡುಕಿಕೊಂಡು ಹೋಗಬೇಕು.

ಹೋದರು. ಇಟ್ಟಿಗೆಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿದರು. ಕೆಮ್ಮು ಬಂದವರು ದೂರ ಹೋಗಿ ಕೆಮ್ಮಿದರು. ಆಗಾಗ ಎಲ್ಲರೂ ನಿಲ್ಲಬೇಕು, ಸದ್ದಿನಕ್ಕ ಕುಟ್ಟಬೇಕು. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಹಾರೆ ತನ್ನಷ್ಟಕ್ಕೆ ಟಕಟಕ ಅನ್ನುತ್ತಿತ್ತು. ಗಂಡ ಅವಳ ಮೊಣಕೈ ಹಿಡಿದುಕೊಂಡ. ಎರಡು ಸಲ ಮಣ್ಣು ಜರಿದು ಎಲ್ಲರೂ ಹಿಂದಕ್ಕೆ ಹಾರಿದರು, ಮತ್ತೆ ಬಂದರು. ಎರಡು ಗಂಟೆ ಕಳೆದ ಮೇಲೆ ಕೆಳಗಿನಿಂದ ಯಾರೋ ಸರಳಿಗೆ ಕಲ್ಲು ತಾಗಿಸಿದ ಸದ್ದು ಬಂತು.

ನಾದಿನಿ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದಳು. ಹೊರಗೆ ಎಳೆದಾಗ ಮೊದಲು ವಾಂತಿ ಮಾಡಿದಳು, ಆಮೇಲೆ ಅತ್ತಿಗೆಯ ಕೆನ್ನೆಗೆ ಬಾರಿಸಿದಳು. ಬಲಗಾಲು ಮೊಣಕಾಲಿನಿಂದ ಕೆಳಗೆ ಕೆಲಸಕ್ಕೆ ಬಾರದಂತಾಗಿದೆ. ಈಗ ಕೂತಲ್ಲೇ ಇಟ್ಟಿಗೆಯ ಗಾರೆ ಕೆರೆಯುತ್ತಾಳೆ. ಅತ್ತಿಗೆಯ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಸದ್ದಿನಕ್ಕ ಹಾರೆ ಕೆಳಗಿಡುತ್ತೇನೆ ಅಂದಳು. ತಂಡ ಬಿಡಲಿಲ್ಲ. ಈಗ ಪ್ರತಿ ರಾಶಿಯ ಮುಂದೆಯೂ ಅವಳ ಕೈ ನಡುಗುತ್ತದೆ. ನಡುಗಿದರೆ ಮಾತ್ರ ಜನ ಅವಳ ಮಾತಿನ ಮೇಲೆ ಹತ್ತುತ್ತಾರೆ.

ಸೂಪರ್‌ವೈಸರನ ಪುಸ್ತಕ ನಾನು ನೋಡಿದ್ದೇನೆ. "ಅವಶೇಷ ತೆರವು ಅರ್ಧ ದಿನ ವಿಳಂಬ. ಕಾರಣ: ಕಾರ್ಮಿಕರಲ್ಲಿ ಗೊಂದಲ." ಇಷ್ಟೇ ಇದೆ. ಒಬ್ಬ ಹೆಂಗಸು ಆ ಅವಶೇಷದೊಳಗೆ ಎರಡು ಗಂಟೆಗೂ ಮೀರಿ ಉಸಿರಾಡುತ್ತಿದ್ದಳು ಎಂದಿಲ್ಲ.

ಒಂದಲ್ಲ ಒಂದು ದಿನ ನಿಮ್ಮ ಹಳೇ ಕಟ್ಟಡ ಕೆಡವಿಸುವ ಕಾಗದ ನಿಮ್ಮ ಮುಂದೆಯೂ ಬರುತ್ತದೆ. ಅದರಲ್ಲಿ 'ಅವಶೇಷ ತೆರವು' ಎಂಬ ಒಂದು ಸಾಲು ಇದ್ದೇ ಇರುತ್ತದೆ. ಆ ಸಾಲಿನ ಪಕ್ಕ ಕೆಲಸಕ್ಕೆ ಬಂದ ಪ್ರತಿಯೊಬ್ಬರ ಹೆಸರು ಬರೆಸಿ. ಮಷೀನು ಅಲುಗುವ ಮೊದಲು ನೀವೇ ಹೋಗಿ, ಆ ಧೂಳಿನಲ್ಲಿ ನಿಂತು, ಒಂದೊಂದು ಹೆಸರನ್ನೂ ಕೂಗಿ. ಒಬ್ಬರು ಓಗೊಡದಿದ್ದರೂ ಸಹಿ ಹಾಕಬೇಡಿ.